ಬುಟ್ಟಿಯ ಮೊದಲ ಬನ್ನು

ಪಿಯೋರಿಯಾ ಎಂಬ ಊರಿನ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ಬರುವಂಥದ್ದಲ್ಲ. ಶಿಕಾಗೋದಿಂದ ಕಾರಿನಲ್ಲಿ ಹೆಚ್ಚುಕಡಿಮೆ ಮೂರು ತಾಸು. ಇಲಿನಾಯ್ ಹೊಳೆಯ ದಂಡೆಯ ಊರು. ಪೇಟೆ ದಾಟಿದರೆ ಕಣ್ಣು ಹಾಯುವಷ್ಟು ದೂರ ಗೋವಿನಜೋಳ, ಇಲ್ಲವೇ ಸೋಯಾ. ಕ್ಯಾಟರ್‌ಪಿಲ್ಲರ್ ಕಂಪನಿಯ ಹಳದಿ ಯಂತ್ರಗಳಿಂದ ಬೆಳೆದ ಊರಾದ್ದರಿಂದ ಅಲ್ಲಿ ನಮ್ಮ ಇಂಜಿನಿಯರುಗಳಿಗೆ ಬರವಿಲ್ಲ. ನನ್ನ ಅಳಿಯನೂ ಅವರಲ್ಲೊಬ್ಬ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಲೇ ಕೂದಲು ಹಣ್ಣಾದ ನನಗೆ ಆ ಊರಿನಲ್ಲಿ ನೋಡಬೇಕೆನಿಸಿದ್ದು ಒಂದೇ ಕಟ್ಟಡ. ಅಮೆರಿಕದ ಕೃಷಿ ಇಲಾಖೆಯ ದೊಡ್ಡ ಪ್ರಯೋಗಾಲಯವೊಂದು ಅಲ್ಲಿದೆ. 1941ರಲ್ಲಿ ಆಕ್ಸ್‌ಫರ್ಡ್‌ನಿಂದ ಫ್ಲೋರಿ ಮತ್ತು ಹೀಟ್ಲಿ ಎಂಬ ವಿಜ್ಞಾನಿಗಳು ಪೆನ್ಸಿಲಿನ್ ಬೂಷ್ಟನ್ನು ಹೊತ್ತು ಬಂದದ್ದು ಇಲ್ಲಿಗೇ. ಪಿಷ್ಟ ತೆಗೆಯಲು ಗೋವಿನಜೋಳ ನೆನೆಹಾಕಿದ ನೀರಿನಲ್ಲಿ ಆ ಬೂಷ್ಟು ಹುಲುಸಾಗಿ ಬೆಳೆಯುತ್ತದೆ ಎಂದು ಕಂಡುಕೊಂಡದ್ದೂ, 1943ರಲ್ಲಿ ಊರಿನ ಮಾರುಕಟ್ಟೆಯ ಬೂಷ್ಟು ಹಿಡಿದ ಕರಬೂಜದ ಮೇಲೆ ಇನ್ನೂ ಜೋರಾದ ತಳಿ ಸಿಕ್ಕಿದ್ದೂ ಇಲ್ಲೇ. ಅದೇ ಪ್ರಯೋಗಾಲಯದಲ್ಲಿ ಆಲೀನ್ ಜೀನ್ಸ್ ಎಂಬ ರಸಾಯನ ವಿಜ್ಞಾನಿ ಮತ್ತು ಆಕೆಯ ಸಂಗಡಿಗರು, ಕೋಸಿಗೆ ಕಪ್ಪುಕೊಳೆ ರೋಗ ತರುವ ಒಂದು ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡುವ ಅಂಟನ್ನು ಶೋಧಿಸಿದರು. ಅದೇ ಝ್ಯಾಂಥನ್ ಗಮ್. ಅಳಿಯ ಕಾರು ನಿಧಾನ ಮಾಡಿ ಕಟ್ಟಡ ತೋರಿಸಿದ. ನಾನು ಪೆನ್ಸಿಲಿನ್ ನೆನೆದು ಕೈಮುಗಿದೆ. ಆದರೆ ಆ ಹೊತ್ತಿಗೆ ಮಗಳ ಮನೆಗೆ ಬೇಕಾಗಿದ್ದದ್ದು ಪೆನ್ಸಿಲಿನ್ ಅಲ್ಲ. ಝ್ಯಾಂಥನ್ ಗಮ್ಮಿನ ಪುಟ್ಟ ಪೊಟ್ಟಣವೊಂದು ಮಗಳ ಅಡುಗೆಮನೆಯ ಕಪಾಟಿನಲ್ಲಿ ಆಗಲೇ ಅರ್ಧ ಖಾಲಿಯಾಗಿತ್ತು.

ಇದು 2018ರ ಮಾತು. ನಾನೂ ನಮ್ಮಾಕೆಯೂ ರಾಣೆಬೆನ್ನೂರಿನಿಂದ ಹೊರಟು ಸಪ್ಟೆಂಬರಿನಲ್ಲಿ ಅಲ್ಲಿಗೆ ಮುಟ್ಟಿದೆವು. ಅದೇ ವರ್ಷದ ಬೇಸಿಗೆಯಲ್ಲಿ ಮೊಮ್ಮಗಳಿಗೆ ಸೀಲಿಯಾಕ್ ಎಂದು ಗೊತ್ತಾಗಿತ್ತು. ಒಂಬತ್ತು ವರ್ಷದ ಹುಡುಗಿ, ಎರಡು ವರ್ಷದಿಂದ ತೂಕವೇ ಏರಿರಲಿಲ್ಲ, ರಕ್ತದಲ್ಲಿ ಕಬ್ಬಿಣ ಕಡಿಮೆ, ಸಂಜೆಯಾದರೆ ಹೊಟ್ಟೆ ಉಬ್ಬರ. ಮೊದಲು ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಚೂರು ತೆಗೆದು ನೋಡಿ ಹೇಳಿದರಂತೆ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿರುವ ಗ್ಲೂಟನ್ ಹೊಟ್ಟೆಗೆ ಹೋದರೆ ದೇಹ ತನ್ನ ಕರುಳಿನ ಮೇಲೆ ತಾನೇ ಕಾದಾಟಕ್ಕೆ ನಿಲ್ಲುತ್ತದೆ. ಅನ್ನದ ಸಾರ ಹೀರುವ ಸಣ್ಣ ಸಣ್ಣ ವಿಲ್ಲೈಗಳು ಸವೆದು ಚಪ್ಪಟೆಯಾಗುತ್ತವೆ. ಗುಳಿಗೆ, ಇಂಜೆಕ್ಷನ್ ಯಾವುದೂ ಇಲ್ಲ. ಬದುಕಿರುವವರೆಗೆ ಪಥ್ಯ, ಅಷ್ಟೆ. ಪಂಜಾಬ್, ಹರಿಯಾಣದ ಗೋಧಿ ಉಣ್ಣುವ ಸೀಮೆಯಲ್ಲಿ ಇದು ಕಾಣುತ್ತದೆ. ನಮ್ಮ ಕಡೆ ಅಪರೂಪ. ಹಾಗಾಗಿ ಫೋನಿನಲ್ಲಿ ಕೇಳಿದಾಗ ನಮ್ಮಾಕೆಗೆ ಇದೊಂದು ದೊಡ್ಡ ಸಂಗತಿ ಅನ್ನಿಸಿರಲೇ ಇಲ್ಲ. "ಚಪಾತಿ ಬ್ಯಾಡಂದ್ರ ಬ್ಯಾಡ. ರೊಟ್ಟಿ ಐತಿ, ಅನ್ನ ಐತಿ, ದ್ವಾಸಿ ಐತಿ. ಕೂಸಿಗೆ ಏನ್ ಕಡಿಮಿ?" ಅಂದುಬಿಟ್ಟಿದ್ದಳು.

ಕಡಿಮೆ ಏನೆಂದು ತಿಳಿಯಲು ಸೂಟ್‌ಕೇಸ್ ಬಿಚ್ಚಬೇಕಾಯಿತು. ಮಗಳು ನೆಲದ ಮೇಲೆ ಚಾಪೆ ಹಾಸಿ ನಾವು ಒಯ್ದ ಸಾಮಾನನ್ನೆಲ್ಲ ಹರವಿದಳು. ಕಸ್ಟಮ್ಸ್‌ನವರೂ ಅಷ್ಟು ಬಿಗಿಯಾಗಿ ತಪಾಸಣೆ ಮಾಡಿರಲಿಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಪೊಟ್ಟಣ ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದುವಳು. ತಾಯಿಗಿಂತ ಅವಳ ಕಣ್ಣೇ ಚುರುಕು. ಇಂಗಿನ ಡಬ್ಬಿ ಕೈಗೆ ಬಂತು. "ಅಜ್ಜಿ, ಇದರಾಗ ವೀಟ್ ಐತಿ."

"ಇಂಗಿನಾಗ ಗೋದಿ ಎಲ್ಲಿಂದ ಬರ್ತೈತಿ?" ನಮ್ಮಾಕೆ ನಕ್ಕಳು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಇತ್ತು. ನಾವು ಅಂಗಡಿಯಲ್ಲಿ ಕೊಳ್ಳುವ ಕೂಟು ಇಂಗು ಬರೀ ಇಂಗಲ್ಲ. ಶುದ್ಧ ಇಂಗಿನ ಘಾಟು ತಡೆಯಲಾಗದ್ದರಿಂದ ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ. ಆ ಹಿಟ್ಟು ಬಹಳಷ್ಟು ಸಲ ಗೋಧಿಯದ್ದೇ. ಡಬ್ಬಿ ಪಕ್ಕಕ್ಕೆ ಹೋಯಿತು. ಅದರ ಹಿಂದೆಯೇ ಜೋಳದ ಹಿಟ್ಟಿನ ಚೀಲವೂ ಹೋಯಿತು. ಅದು ನಮ್ಮ ಓಣಿಯ ಗಿರಣಿಯಲ್ಲಿ ಬೀಸಿಸಿದ್ದು, ನಮ್ಮಾಕೆ ಸ್ವತಃ ನಿಂತು ಬೀಸಿಸಿದ್ದು. "ಅವ್ವಾ, ಗಿರಣ್ಯಾಗ ನಿಮ್ಮ ಜೋಳದ ಮುಂಚೆ ಯಾರ ಹಿಟ್ಟು ಬೀಸಿದ್ರು?" ಎಂದು ಮಗಳು ಕೇಳಿದಳು. ಉತ್ತರ ಎಲ್ಲರಿಗೂ ಗೊತ್ತಿತ್ತು. ಅಮೆರಿಕದ ಕಾಯಿದೆಯಂತೆ ಒಂದು ಪೊಟ್ಟಣದ ಮೇಲೆ 'ಗ್ಲೂಟನ್ ಇಲ್ಲ' ಎಂದು ಬರೆಯಬೇಕಾದರೆ ಹತ್ತು ಲಕ್ಷ ಭಾಗದಲ್ಲಿ 20 ಭಾಗಕ್ಕಿಂತ ಕಡಿಮೆ ಇರಬೇಕು. ಅಂದರೆ ಕಿಲೋ ಹಿಟ್ಟಿಗೆ 20 ಮಿಲಿಗ್ರಾಂ. ಗಿರಣಿಯ ಕಲ್ಲಿನ ಸಂದಿಯಲ್ಲಿ ಉಳಿಯುವ ಗೋಧಿಹಿಟ್ಟು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಏಳು ಸಮುದ್ರ ದಾಟಿ ಹೋದ ಹಿಟ್ಟು ಇನ್ನೊಂದು ಕನ್ನಡದ ಮನೆಗೆ ದಾನವಾಯಿತು. ನಮ್ಮಾಕೆ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ.

ಈ ರೋಗದ ಬೇರು ಗೋಧಿಯಲ್ಲಿದೆ ಎಂದು ತೋರಿಸಿಕೊಟ್ಟ ಡಾಕ್ಟರರ ಕಥೆ ಅಳಿಯ ಹೇಳಿದ. ವಿಲ್ಲೆಮ್ ಕಾರೆಲ್ ಡಿಕೆ ಅಂತ, ನೆದರ್‌ಲೆಂಡ್ಸ್‌ನ ಹೇಗ್ ಪಟ್ಟಣದ ಮಕ್ಕಳ ವೈದ್ಯ. ಗೋಧಿಯ ಮೇಲೆ ಅವರಿಗೆ ಮೊದಲಿನಿಂದಲೂ ಗುಮಾನಿ. 1944ರ ಕೊನೆಯಿಂದ 1945ರವರೆಗೆ ಜರ್ಮನರ ದಿಗ್ಬಂಧನದಲ್ಲಿ ಆ ದೇಶಕ್ಕೆ ಘೋರ ಬರ ಬಂತು. ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು. ಬ್ರೆಡ್ಡಿಲ್ಲದ ಆ ದಿನಗಳಲ್ಲಿ, ಊರಿಗೆ ಊರೇ ಸೊರಗುತ್ತಿದ್ದಾಗ, ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡವು. ಮತ್ತೆ ಬ್ರೆಡ್ ಬಂದದ್ದೇ ತಡ, ಕಾಯಿಲೆಯೂ ಬಂತು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಿಕೆ ಬರೆದ ಪ್ರಬಂಧದಿಂದ ಗೋಧಿಯ ಗುಟ್ಟು ಹೊರಬಿತ್ತು. ಅದಕ್ಕೂ ಮುಂಚೆ ಅಮೆರಿಕದಲ್ಲಿ ಹಾಸ್ ಎಂಬ ವೈದ್ಯರು ಇಂಥ ಮಕ್ಕಳಿಗೆ ಬಾಳೆಹಣ್ಣು ತಿನ್ನಿಸಿ ಬದುಕಿಸುತ್ತಿದ್ದರು. ಗುಣ ಬಾಳೆಹಣ್ಣಿನದೆಂದು ನಂಬಿದ್ದರು. ಅಸಲಿಗೆ ಗುಣವಾಗುತ್ತಿದ್ದದ್ದು ತಟ್ಟೆಯಲ್ಲಿ ಬ್ರೆಡ್ ಇಲ್ಲದ್ದರಿಂದ! ನಮ್ಮಾಕೆ ಇದನ್ನೆಲ್ಲ ಕೇಳಿ "ಬಾಳಿಹಣ್ಣರ ಎಷ್ಟಂತ ತಿಂತಾವ ಪಾಪ" ಎಂದಳು. ಅವಳ ದಾರಿ ಯಾವಾಗಲೂ ಹಾಗೆ, ನೇರ ಹೊಟ್ಟೆಗೆ.

ಅಕ್ಟೋಬರಿನ ಒಂದು ಭಾನುವಾರ ಪಕ್ಕದ ಮನೆಯ ವೃದ್ಧ ದಂಪತಿ ನಮ್ಮನ್ನು ಊಟಕ್ಕೆ ಕರೆದರು. ಒಳ್ಳೆಯ ಜನ. ನಾವು ಮಾಂಸ ಮೊಟ್ಟೆ ಮುಟ್ಟದವರೆಂದು ತಿಳಿದು ನಮಗಾಗಿಯೇ ಗೆಣಸು, ಬೀನ್ಸ್, ಆಲೂಗಡ್ಡೆ ಬೇಯಿಸಿದ್ದರು. ಮೊಮ್ಮಗಳಿಗೆ ಬೇರೆ ತಟ್ಟೆ, ಬೇರೆ ಸೌಟು. ಅಲ್ಲಿಯ ಪದ್ಧತಿ ಏನೆಂದರೆ, ಬುಟ್ಟಿಯಲ್ಲಿ ಬಟ್ಟೆ ಹಾಸಿ ಬಿಸಿಬಿಸಿ ಬನ್ನುಗಳನ್ನಿಟ್ಟು ಮೇಜಿನ ಸುತ್ತ ಕೈಯಿಂದ ಕೈಗೆ ದಾಟಿಸುತ್ತಾರೆ. ಡಿನ್ನರ್ ರೋಲ್ ಅನ್ನುತ್ತಾರೆ. ಬೋಸ್ಟನ್ನಿನ ಪಾರ್ಕರ್ ಹೌಸ್ ಹೋಟೆಲಿನಲ್ಲಿ 1870ರ ದಶಕದಲ್ಲಿ ಹುಟ್ಟಿದ ಮಡಿಕೆ ಬನ್ನು ಈ ಜಾತಿಯಲ್ಲೇ ಹೆಸರುವಾಸಿ. ಒಬ್ಬರು ಒಂದು ತೆಗೆದುಕೊಂಡು, ಹರಿದು, ಬೆಣ್ಣೆ ಸವರುತ್ತ ಬುಟ್ಟಿಯನ್ನು ಪಕ್ಕದವರಿಗೆ ಕೊಡುವುದು. ಬುಟ್ಟಿ ನನ್ನಿಂದ ಮೊಮ್ಮಗಳಿಗೆ ಹೋಯಿತು. ಅವಳು ಅದರೊಳಗೆ ನೋಡಲೂ ಇಲ್ಲ. ಮೊಣಕೈಯನ್ನು ತನ್ನ ತಟ್ಟೆಯಿಂದ ಆಚೆ ಚಾಚಿ, ಒಂದು ತುಣುಕೂ ಉದುರದ ಹಾಗೆ, ಅಜ್ಜಿಯ ಕೈಗೆ ಕೊಟ್ಟಳು. ಆಮೇಲೆ ಮಡಿಲ ಮೇಲಿನ ಕರವಸ್ತ್ರದಿಂದ ಬೆರಳು ಒರೆಸಿಕೊಂಡಳು. ಎಷ್ಟು ರೂಢಿಯಾಗಿಬಿಟ್ಟಿತ್ತೆಂದರೆ ಮೇಜಿನಲ್ಲಿ ಯಾರೂ ಗಮನಿಸಲಿಲ್ಲ, ಒಬ್ಬಳನ್ನು ಬಿಟ್ಟು.

ನಮ್ಮಾಕೆ ಅಂದು ಬನ್ನು ತಿನ್ನಲಿಲ್ಲ. ಮನೆಗೆ ಬಂದು ಕೋಟು ಬಿಚ್ಚುವ ಮುಂಚೆಯೇ ಮಗಳಿಗೆ "ಆ ಬನ್ ಮನಿಯಾಗ ಮಾಡಾಕ ಬರ್ತೈತೇನು?" ಎಂದು ಕೇಳಿದಳು.

ಮಗಳು ಕುರ್ಚಿಗೆ ಕುಸಿದಳು. ಬೇಸಿಗೆಯಿಂದ ಅವಳು ಅದನ್ನೇ ಮಾಡುತ್ತಿದ್ದಳು, ಮಾಡಿ ಮಾಡಿ ಕಸದ ಡಬ್ಬಿಗೆ ಹಾಕುತ್ತಿದ್ದಳು. ಅಂಗಡಿಯಲ್ಲಿ ಗ್ಲೂಟನ್ ಇಲ್ಲದ್ದೆಂದು ಸಿಗುವುದು ಹೆಪ್ಪುಗಟ್ಟಿಸಿದ ಬ್ರೆಡ್ಡು, ಮುಷ್ಟಿಯಷ್ಟು ಚಿಕ್ಕ ಹೋಳು, ದುಪ್ಪಟ್ಟು ಬೆಲೆ, ಸುಟ್ಟುಕೊಂಡು ತಿನ್ನದಿದ್ದರೆ ಪುಡಿಪುಡಿ. ಅದರಿಂದ ಸ್ಯಾಂಡ್‌ವಿಚ್ ಹೇಗೋ ಆಗುತ್ತದೆ. ಹರಿದರೆ ಎಳೆ ಬರುವ ಮೆತ್ತನೆಯ ಬನ್ನು ಅದರಿಂದ ಆಗದು.

ಯಾಕೆ ಆಗದು ಎನ್ನುವುದು ನನಗೆ ತಿಳಿದ ವಿಷಯ. ಶಾಲೆಯಲ್ಲಿ ಮೈದಾ ಕಣಕವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಸುತ್ತಿದ್ದೆ. ಬಿಳಿ ಪಿಷ್ಟವೆಲ್ಲ ಹರಿದುಹೋಗಿ ಕೈಯಲ್ಲಿ ಕಂದು ಬಣ್ಣದ ಎಳೆದರೆ ಹಿಗ್ಗುವ ಮುದ್ದೆ ಉಳಿಯುತ್ತದೆ. ಅದೇ ಗ್ಲೂಟನ್. ಬೊಲೋನಾದ ಬೆಕ್ಕಾರಿ ಎಂಬ ಪಂಡಿತರು ಇದನ್ನು ಮೊದಲು ತೊಳೆದು ತೋರಿಸಿದ್ದು ಹದಿನೆಂಟನೇ ಶತಮಾನದಲ್ಲಿ. ಯೀಸ್ಟ್ ಉಸಿರಾಡಿ ಬಿಡುವ ಗಾಳಿಯನ್ನು ಹಿಡಿದಿಡುವ ಬಲೆ ಅದು. ಅಕ್ಕಿಗೆ, ಜೋಳಕ್ಕೆ ಆ ಬಲೆಯಿಲ್ಲ. ಗಾಳಿ ಬಂದಂತೆ ಹೊರಟುಹೋಗುತ್ತದೆ, ಹಿಟ್ಟು ಕೂತಲ್ಲೇ ಕೂರುತ್ತದೆ. ಮೊಮ್ಮಗಳಿಗೆ ಈ ಪ್ರಯೋಗ ತೋರಿಸೋಣವೆಂದರೆ ಮನೆಯಲ್ಲಿ ಚಿಟಿಕೆ ಗೋಧಿಯಿಲ್ಲ. ಲಟ್ಟಣಿಗೆ, ಮಣೆ, ಜರಡಿ ಎಲ್ಲವನ್ನೂ ಮಗಳು ಆಗಲೇ ಹೊರಹಾಕಿದ್ದಳು. ಮರದ ಸಂದಿಯಿಂದ ಹಿಟ್ಟನ್ನು ಪೂರ್ತಿ ತೆಗೆಯಲಾಗುವುದಿಲ್ಲ.

ಝ್ಯಾಂಥನ್ ಗಮ್ ಬಂದದ್ದು ಆ ಬಲೆಗೆ ಬದಲಾಗಿ. ಮಗಳು ಅದನ್ನು ಹಾಕಿ ಮಾಡಿದ ಬನ್ನು ಉಬ್ಬುತ್ತಿತ್ತು, ನಿಜ. ಆದರೆ ಒಳಗೆಲ್ಲ ರಬ್ಬರು, ಹಲ್ಲಿಗೆ ಅಂಟು. ಪಿಯೋರಿಯಾದ ಹೆಮ್ಮೆಯನ್ನು ಜರೆಯಬಾರದು. ಐಸ್‌ಕ್ರೀಮಿಗೆ, ಸಾಸಿಗೆ ಅದು ಬಹಳ ಒಳ್ಳೆಯದು. ಬನ್ನಿಗೆ ಮಾತ್ರ ಅದೊಂದೇ ಸಾಲದು. ಗೋರಿಕಾಯಿ ಬೀಜದಿಂದ ಬರುವ ಗ್ವಾರ್ ಗಮ್ಮನ್ನೂ ಮಗಳು ನೋಡಿದ್ದಳು, ಅದೂ ಅಷ್ಟಕ್ಕಷ್ಟೆ. ಆಮೇಲೆ ಯಾರೋ ಹೇಳಿದರೆಂದು ಹೊಸ ಡಬ್ಬಿಯೊಂದನ್ನು ತಂದಿದ್ದಳು. ಅದರೊಳಗಿನ ತೆಳ್ಳನೆಯ ಬೂದುಬಿಳಿ ಹೊಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿದ ನಮ್ಮಾಕೆ ಹುಬ್ಬೇರಿಸಿದಳು.

"ಇದು ಇಸಬ್‌ಗೋಲ್ ಅಲ್ಲೇನು? ನಿಮ್ಮಪ್ಪ ರಾತ್ರಿ ಬಿಸಿನೀರಾಗ ಹಾಕ್ಕೊಂಡು ಕುಡೀತಾರ. ಇದನ್ನ ಬನ್ನಿಗೆ ಯಾಕ ಹಾಕ್ತೀಯವ್ವಾ?"

ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನನ್ನ ಮಾನ ಪಿಯೋರಿಯಾದಲ್ಲಿ ಹೋದದ್ದು ಹಾಗೆ. ಆದರೆ ಅದು ಇಸಬ್‌ಗೋಲೇ ಹೌದು. ಗುಜರಾತಿನ ಸಿದ್ಧಪುರ, ಊಂಝಾ ಕಡೆಯಿಂದ ಜಗತ್ತಿಗೆಲ್ಲ ಹೋಗುವ ಅದೇ ಹೊಟ್ಟು. ನೀರು ಬಿದ್ದರೆ ಕೆಲವೇ ನಿಮಿಷದಲ್ಲಿ ಲೋಳೆಯಾಗಿ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಹೊಟ್ಟೆಯಲ್ಲಿ ಮಾಡುವ ಕೆಲಸವನ್ನೇ ಹಿಟ್ಟಿನಲ್ಲೂ ಮಾಡುತ್ತದೆ. ಆ ಲೋಳೆ ಬಲೆಯ ಹಾಗೆ ಹರಡಿ ಗಾಳಿಯನ್ನು ಹಿಡಿಯುತ್ತದೆ, ಅಂಟಿಲ್ಲದೆ ಎಳೆ ಕೊಡುತ್ತದೆ. ಅಮೆರಿಕದವರು ಅದನ್ನು ಸಿಲಿಯಮ್ ಅನ್ನುತ್ತಾರೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರಿನ ನಾಲ್ಕನೇ ಗುರುವಾರ. ಆ ವರ್ಷ 22ನೇ ತಾರೀಕು ಬಂದಿತ್ತು. ಪಕ್ಕದ ಮನೆಯವರು ಮತ್ತೆ ಕರೆದಿದ್ದರು, ಹದಿನಾಲ್ಕು ಜನ. ಬನ್ನು ನಾವು ತರುತ್ತೇವೆ ಎಂದು ನಮ್ಮಾಕೆ ಮಗಳನ್ನೂ ಕೇಳದೆ ಒಪ್ಪಿಕೊಂಡುಬಿಟ್ಟಳು. ಅವರಿಗೆ ಕನ್ನಡ ಬಾರದು, ಇವಳಿಗೆ ಇಂಗ್ಲಿಷ್ ಬಾರದು. ಆದರೂ ಎರಡು ಕೈಯಲ್ಲಿ ಉಂಡೆ ಕಟ್ಟಿ ತೋರಿಸಿ, ಎದೆ ಮುಟ್ಟಿಕೊಂಡು ಮಾತು ಮುಗಿಸಿದ್ದಳು. ಮಗಳು ತಲೆ ಮೇಲೆ ಕೈಹೊತ್ತಳು.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಬೇರೆ ಮಾತಿಲ್ಲ. ಮೊದಲ ಜಗಳ ಮೊಟ್ಟೆಯದು. ಸಿಕ್ಕ ವಿಧಾನಗಳಲ್ಲೆಲ್ಲ ಎರಡು ಮೊಟ್ಟೆ ಇತ್ತು. ಗ್ಲೂಟನ್ ಇಲ್ಲದ ಕಡೆ ಮೊಟ್ಟೆಯೇ ಗೋಡೆ ನಿಲ್ಲಿಸುತ್ತದೆ ಎಂದು ಮಗಳ ವಾದ. "ಮೊಟ್ಟಿ ಹಾಕಿದ್ರ ನಾ ಮುಟ್ಟಂಗಿಲ್ಲ. ಕೂಸು ಬುಟ್ಟಿ ಕೊಟ್ರ ನಾನೂ ದಾಟಸಬೇಕಾಕ್ಕೈತಿ" ಅಂದಳು ನಮ್ಮಾಕೆ. ಆ ಮಾತಿಗೆ ಎದುರಾಡುವವರಿರಲಿಲ್ಲ. ಮೊಟ್ಟೆ ಹೋಯಿತು, ಇಸಬ್‌ಗೋಲ್ ಒಂದು ಚಮಚ ಏರಿತು, ಹಾಲೂ ಏರಿತು.

ಎರಡನೆಯದು ಹಿಟ್ಟಿನ ಹದ. ಗೋಧಿ ನಾದಿದ ಕೈಗೆ, ಹಿಟ್ಟು ಅಂಟಿದರೆ ಇನ್ನಷ್ಟು ಒಣಹಿಟ್ಟು ಉದುರಿಸುವ ಅಭ್ಯಾಸ. ಮಗಳು ಬೇಸಿಗೆಯಲ್ಲೆಲ್ಲ ಅದನ್ನೇ ಮಾಡಿದ್ದಳು. ಉಂಡೆ ಚೆಂದ ಆಗುತ್ತಿತ್ತು, ಬೆಂದ ಮೇಲೆ ಗಟ್ಟಿ. ಈ ಬನ್ನಿನ ಹಿಟ್ಟು ಉದ್ದಿನವಡೆ ಹಿಟ್ಟಿನಷ್ಟು ಮೆತ್ತಗಿರಬೇಕು, ಒದ್ದೆ ಕೈಯಲ್ಲಿ ಎತ್ತಿ ದುಂಡಗೆ ಮಾಡಬೇಕು. ಇಲ್ಲಿ ನಾದಿದರೆ ಬಲಗೊಳ್ಳುವುದು ಏನೂ ಇಲ್ಲ. ಕಲೆಸಿ ಬಿಟ್ಟು ಇಸಬ್‌ಗೋಲ್ ನೀರು ಕುಡಿಯಲು ಬಿಡಬೇಕು, ಅಷ್ಟೆ. ಇದು ತಿಳಿದ ಮೇಲೆ ಅರ್ಧ ಗೆದ್ದಂತಾಯಿತು. ಬನ್ನು ಬಿಸಿಯಿದ್ದಾಗ ಮೆತ್ತಗೆ ಬಂತು.

ಮರುದಿನ ಬೆಳಿಗ್ಗೆ ನೋಡಿದರೆ ಅದೇ ಬನ್ನು ಒಣಗಿ ಹರಳುಹರಳು. ಅಕ್ಕಿಹಿಟ್ಟಿನ ಸ್ವಭಾವವೇ ಅದು, ಆರಿದಂತೆಲ್ಲ ಪಿಷ್ಟ ಬಿಗಿಯುತ್ತದೆ. ಹಬ್ಬದ ದಿನ ಊಟ ಸಂಜೆ ನಾಲ್ಕಕ್ಕೆ, ಅಷ್ಟು ಹೊತ್ತು ಮೆತ್ತಗಿರಬೇಕು. ಮಗಳು ಪುಟ ತಿರುವುತ್ತ ಕೂತಿದ್ದಳು. ನಮ್ಮಾಕೆ ಹಿಟ್ಟಿನ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಬೆರಳಲ್ಲಿ ಹಿಸುಕಿ ನೋಡುತ್ತಿದ್ದವಳು ಒಂದರ ಮುಂದೆ ನಿಂತಳು.

"ಇದು ಜೋಳ ಅಲ್ಲೇನು?"

ಜೋಳವೇ. ಗ್ಲೂಟನ್ ಇಲ್ಲವೆಂದು ಮುದ್ರೆ ಬಿದ್ದ ಅಮೆರಿಕದ ಜೋಳ. ಆ ದೇಶದಲ್ಲಿ ಕಾನ್ಸಾಸ್ ರಾಜ್ಯದವರು ಅದನ್ನು ಎಲ್ಲರಿಗಿಂತ ಹೆಚ್ಚು ಬೆಳೆಯುತ್ತಾರೆ, ದನಕ್ಕೂ ಹಾಕುತ್ತಾರೆ. ನಮ್ಮಾಕೆ ಒಂದು ಹಿಡಿ ಕಲೆಸಿ ನೋಡಿ "ಜಿಗಿ ಇಲ್ಲ, ಹಳೇ ಹಿಟ್ಟು" ಎಂದು ತೀರ್ಪು ಕೊಟ್ಟಳು. ಆಮೇಲೆ ಕೇಳಿದಳು, "ಇದಕ್ಕ ಎಸರು ಹಾಕಿದೇನು?"

ಮಗಳು ತಣ್ಣನೆ ಹಾಲಿನಲ್ಲಿ ಕಲೆಸುತ್ತಿದ್ದಳು.

"ಎಸರು ಹಾಕದ ಜೋಳದ ಹಿಟ್ಟು ಎಲ್ಲಿ ಕೂಡ್ತೈತಿ? ರೊಟ್ಟಿ ಬಡೀಲಿಕ್ಕೆ ಬರ್ತೈತೇನು ಹಂಗ?"

ನಮ್ಮ ಕಡೆಯ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ನೀರು ಸುರಿದು, ಸೌಟಿನ ಹಿಡಿಯಿಂದ ತಿರುವಿ, ಮುಚ್ಚಿಟ್ಟು, ಕೈ ತಾಳುವಷ್ಟಾದ ಮೇಲೆ ಮಿದಿಯಬೇಕು. ಕುದಿನೀರಿಗೆ ಪಿಷ್ಟದ ಕಣ ಒಡೆದು ಗಂಜಿಯಾಗಿ, ಇಲ್ಲದ ಜಿಗಿ ಬರುತ್ತದೆ, ತೆಳ್ಳನೆಯ ರೊಟ್ಟಿ ಅಂಚು ಒಡೆಯದೆ ಹರಡುತ್ತದೆ. ಒಮ್ಮೆ ಬೆಂದು ನೀರು ಹಿಡಿದ ಆ ಪಿಷ್ಟ ಬನ್ನಿನೊಳಗೆ ಹೋದರೆ ಬೇಗ ಒಣಗಗೊಡುವುದಿಲ್ಲ. ಜಪಾನ್, ಚೀನಾದ ಬೇಕರಿಯವರೂ ಹಿಟ್ಟಿನ ಒಂದು ಪಾಲನ್ನು ಹೀಗೆ ಮೊದಲೇ ಬೇಯಿಸಿ ಬ್ರೆಡ್ಡಿಗೆ ಹಾಕುತ್ತಾರೆ ಎಂದು ಮಗಳಿಗೆ ಓದಿ ಗೊತ್ತಿತ್ತು. ಅವ್ವ ರೊಟ್ಟಿಗೆ ಮಾಡುವುದೂ ಅದನ್ನೇ ಎಂದು ಅವಳಿಗೂ ಹೊಳೆದಿರಲಿಲ್ಲ, ಪಾಠ ಹೇಳುವ ನನಗೂ ಹೊಳೆದಿರಲಿಲ್ಲ.

ಎಸರು ಹಾಕಿದ ಹಿಟ್ಟಿಗೆ ನೇರ ಯೀಸ್ಟ್ ಹಾಕುವ ಹಾಗಿಲ್ಲ, ಆ ಬಿಸಿಗೆ ಅದು ಸತ್ತುಹೋಗುತ್ತದೆ. ನಮ್ಮಾಕೆ ಪಾತ್ರೆಯನ್ನು ಹಿತ್ತಲ ಬಾಗಿಲ ಹೊರಗೆ, ನವೆಂಬರಿನ ಚಳಿಗೆ ಇಟ್ಟಳು. ಹಲ್ಲು ಕಡಿಯುತ್ತ ಹೋಗಿ ಬೆರಳದ್ದಿ ನೋಡಿ ಬರುವಳು. ಮೊಮ್ಮಗಳು ಥರ್ಮಾಮೀಟರು ಹಿಡಿದು ಹಿಂದೆ. "ಅಜ್ಜಿ, ಮೂವತ್ತೆಂಟು." "ಆತು, ತಾ ಒಳಗ." ಬೆರಳಿಗೂ ಯಂತ್ರಕ್ಕೂ ವ್ಯತ್ಯಾಸ ಬರಲಿಲ್ಲ. ಅದು ಅಜ್ಜಿಗಿಂತ ಮೊಮ್ಮಗಳಿಗೆ ದೊಡ್ಡ ಸೋಜಿಗ.

ಕೊನೆಗೆ ನಿಂತ ಲೆಕ್ಕ ಇದು, ಮಗಳ ತಕ್ಕಡಿಯಲ್ಲಿ ತೂಗಿ ಬರೆದದ್ದು: ಅಕ್ಕಿಹಿಟ್ಟು 150 ಗ್ರಾಂ, ಜೋಳದ ಹಿಟ್ಟು 100, ಮರಗೆಣಸಿನ ಪಿಷ್ಟ 120. ಮರಗೆಣಸಿನ ಪಿಷ್ಟವೆಂದರೆ ಸಾಬುದಾಣಿ ಮಾಡುವ ಹಿಟ್ಟೇ. ಇಸಬ್‌ಗೋಲ್ 22 ಗ್ರಾಂ, ಸಕ್ಕರೆ 35, ಉಪ್ಪು 7, ಒಣ ಯೀಸ್ಟ್ 7, ಬೆಣ್ಣೆ 60, ಹಾಲು 250 ಮಿಲಿ, ಎಸರಿಗೆ ಕುದಿನೀರು 150 ಮಿಲಿ, ಒಂದು ಸಣ್ಣ ಚಮಚ ವಿನೆಗರ್. ಹಿಟ್ಟು ಮೆತ್ತಗಿದ್ದರೆ ಹೆದರಬಾರದು. ಒಂದೇ ಸಲ ಉಬ್ಬಲು ಬಿಡಬೇಕು. ಗೋಧಿಯಂತೆ ಗುದ್ದಿ ಮತ್ತೆ ಉಬ್ಬಿಸುತ್ತೇನೆಂದರೆ ಏಳುವುದಿಲ್ಲ. ದುಪ್ಪಟ್ಟಾಗುವವರೆಗೆ ಕಾಯುವುದೂ ಬೇಡ, ಒಂದೂವರೆ ಪಟ್ಟಾದರೆ ಸಾಕು, ಹೆಚ್ಚಾದರೆ ಅವನ್ನಿನೊಳಗೆ ನಡುವೆ ಕುಸಿಯುತ್ತದೆ. ಬಿಡಿಬಿಡಿಯಾಗಿಡದೆ ಚೌಕ ಟ್ರೇನಲ್ಲಿ ಒಂದಕ್ಕೊಂದು ಭುಜ ತಾಗಿಸಿ ಇಡಬೇಕು. ಆಗ ಅಡ್ಡಕ್ಕೆ ಹರಡಲು ಜಾಗವಿಲ್ಲದೆ ಮೇಲಕ್ಕೇಳುತ್ತವೆ, ಮಗ್ಗುಲು ಮೆತ್ತಗುಳಿಯುತ್ತದೆ. 190 ಡಿಗ್ರಿಯಲ್ಲಿ ಅರ್ಧ ತಾಸಿನ ಆಸುಪಾಸು. ಮೇಲಿನ ಬಣ್ಣ ನಂಬಬಾರದು, ಸೂಜಿ ಥರ್ಮಾಮೀಟರು ಚುಚ್ಚಿದರೆ ಒಳಗೆ 96 ಡಿಗ್ರಿ ತೋರಿಸಬೇಕು. ಹೊರಗೆ ತೆಗೆದ ಕೂಡಲೇ ಬೆಣ್ಣೆ ಸವರಿ ಬಟ್ಟೆ ಮುಚ್ಚಬೇಕು. ಇನ್ನೊಂದು: ಬಿಸಿಯಿದ್ದಾಗ ಮುರಿಯಬಾರದು, ಒಳಗೆ ಹಸಿ ಅನ್ನಿಸುತ್ತದೆ. ಬೆಂದಿರುತ್ತದೆ, ಆದರೆ ಪಿಷ್ಟ ಕೂರಲು ಸಮಯ ಬೇಕು. ನನ್ನಂಥವನಿಗೆ ಇದೇ ಎಲ್ಲಕ್ಕಿಂತ ಕಷ್ಟದ ಭಾಗ.

ಹಬ್ಬದ ದಿನ ಎರಡು ಟ್ರೇ ಬನ್ನು ತೆಗೆದುಕೊಂಡು ಅಂಗಳ ದಾಟಿದೆವು. ಅವರ ಮನೆಯಲ್ಲಿ ಒಲೆಗೂಡಿನಲ್ಲಿ ಕಟ್ಟಿಗೆ ಉರಿಯುತ್ತಿತ್ತು. ಮೇಜಿನ ನಡುವೆ ಟರ್ಕಿ ಕೋಳಿ. ನಮ್ಮಾಕೆ ಅದಕ್ಕೆ ಬೆನ್ನು ಮಾಡಿ ಕೂರಲು ಜಾಗ ಹುಡುಕಿದಳು, ಸಿಗಲಿಲ್ಲ. ಆ ಮನೆಯಾಕೆ ಗ್ರೇವಿಗೂ ಮೈದಾ ಬಿಟ್ಟು ಗೋವಿನಜೋಳದ ಪಿಷ್ಟ ಹಾಕಿದ್ದರು. ಬೀನ್ಸಿನ ಪದಾರ್ಥದಲ್ಲಿ ಮಾತ್ರ ಡಬ್ಬಿಯ ಅಣಬೆ ಸೂಪು ಇತ್ತು, ಅದರಲ್ಲಿ ಗೋಧಿ ಇರುತ್ತದೆ ಎಂದು ತಾವಾಗಿಯೇ ಹೇಳಿ ದೂರ ಇಟ್ಟಿದ್ದರು. ಬನ್ನು ಬೇರೆ ಯಾವುದೂ ಇರಲಿಲ್ಲ. ಆದರೂ ಟರ್ಕಿಯೊಳಗೆ ತುಂಬುವ ಸ್ಟಫಿಂಗ್ ಬ್ರೆಡ್ಡಿನದೇ. ಅದನ್ನು ಮುಟ್ಟಿದ ಕೈ ಬುಟ್ಟಿಗೆ ಬಂದರೆ? ಮಗಳ ಮುಖ ಸಣ್ಣಗಾಯಿತು.

ಉಪಾಯ ಹೇಳಿದ್ದು ಮೊಮ್ಮಗಳೇ. "ನಾನು ಸ್ಟಾರ್ಟ್ ಮಾಡ್ತೀನಿ." ಬುಟ್ಟಿಯನ್ನು ತನ್ನ ಮುಂದೆ ಎಳೆದುಕೊಂಡು, ಬಟ್ಟೆ ಸರಿಸಿ, ತನಗೆ ಎರಡು ಎತ್ತಿಟ್ಟುಕೊಂಡಳು. ಒಂದನ್ನು ಅಜ್ಜಿಯ ತಟ್ಟೆಗೆ ಹಾಕಿದಳು. ಆಮೇಲೆ ಬುಟ್ಟಿಯನ್ನು ಬಲಗಡೆಗೆ ದಾಟಿಸಿದಳು. ತನ್ನದೇ ಬೆಣ್ಣೆಯ ಪುಟ್ಟ ಡಬ್ಬಿ ಜೇಬಿನಿಂದ ತೆಗೆದಳು. ಬನ್ನನ್ನು ಹರಿದಳು. ಎಳೆ ಬಂತು. ನಾನು ಕಣ್ಣಿಟ್ಟು ನೋಡಿದೆ. ಗೋಧಿಯದರಷ್ಟು ಉದ್ದದ ಎಳೆಯಲ್ಲ, ಆದರೂ ಎಳೆಯೇ. ಬಾಯಿ ತುಂಬಿಕೊಂಡೇ "ಅಜ್ಜಿ, ಜೋಳದ ವಾಸನಿ ಬರ್ತೈತಿ" ಎಂದಳು. ದೂರೋ ಹೊಗಳಿಕೆಯೋ ತಿಳಿಯಲಿಲ್ಲ. ಬುಟ್ಟಿ ಸುತ್ತು ಮುಗಿಸಿ ಬಂದಾಗ ಅದರಲ್ಲಿ ಒಂದೂ ಉಳಿದಿರಲಿಲ್ಲ. ಎದುರು ಕೂತ, ಹೊಲ ಮಾಡಿ ನಿವೃತ್ತರಾದ ಒಬ್ಬ ಹಿರಿಯರು ಇನ್ನೊಂದು ಬುಟ್ಟಿ ಎಲ್ಲಿ ಎಂದು ಕೇಳಿದರು. ತಮ್ಮ ಜನ್ಮದಲ್ಲಿ ಜೋಳವನ್ನು ಹಂದಿ, ದನಕ್ಕೆ ಬಿಟ್ಟು ಬೇರೆ ಯಾರಿಗೂ ಹಾಕಿದ್ದು ನೋಡಿಲ್ಲ ಎಂದೂ ಸೇರಿಸಿದರು. ಅಳಿಯ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳುವ ಧೈರ್ಯ ಮಾಡಲಿಲ್ಲ.

ಊಟವಾದ ಮೇಲೆ ಮನೆಯಾಕೆ ಕಾಗದ ಪೆನ್ನು ಹಿಡಿದು ನಮ್ಮಾಕೆಯ ಪಕ್ಕ ಕೂತರು. ಮಗಳು ತೂಕದ ಲೆಕ್ಕ ಹೇಳಿದಳು. ಎಸರಿನ ವಿಷಯ ಬಂದಾಗ ನಮ್ಮಾಕೆ ಮಗಳನ್ನು ತಡೆದು ತಾನೇ ಕೈಯಲ್ಲಿ ಗುಳಿ ಮಾಡಿ, ಸುರಿದು, ತಿರುವಿ, ಮುಚ್ಚಿ, ಊದಿ ತೋರಿಸಿದಳು. ಆಕೆ ಎಲ್ಲವನ್ನೂ ಬರೆದುಕೊಂಡರು. ಊದಿದ್ದನ್ನೂ ಬರೆದರೋ ಏನೋ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಮುಂಚೆ ಪಕ್ಕದ ಮನೆಯಾಕೆ ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಬನ್ನು, ಒಂದೇ ಅಳತೆಯವು, ಮೇಲೆ ಹೊಂಬಣ್ಣ. ನೋಡಲು ನಮ್ಮವಕ್ಕಿಂತ ಎಷ್ಟೋ ಚೆಂದ. ಅದಕ್ಕೆಂದೇ ಹೊಸ ಟ್ರೇ, ಹೊಸ ಸೌಟು ಕೊಂಡಿದ್ದರಂತೆ. ಮೊಮ್ಮಗಳು ಥ್ಯಾಂಕ್ಸ್ ಹೇಳಿ, ಹಿಟ್ಟಿನ ಪೊಟ್ಟಣಗಳನ್ನು ನೋಡಬಹುದೇ ಎಂದು ಕೇಳಿದಳು. ಆಕೆ ಬೇಸರಿಸದೆ ಮನೆಗೆ ಹೋಗಿ ಎಲ್ಲವನ್ನೂ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹುಡುಗಿ ಒಂದೊಂದನ್ನೂ ತಿರುಗಿಸಿ ಓದಿದಳು, ಯೀಸ್ಟಿನದನ್ನು ಎರಡು ಸಲ. ಆಮೇಲೆ ಎರಡು ತಿಂದಳು.

ನಮ್ಮಾಕೆಯೂ ಒಂದು ಮುರಿದು ಬಾಯಿಗೆ ಹಾಕಿಕೊಂಡಳು. ಆಕೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದರು. ಇವಳು ಬಹಳ ಹೊತ್ತು ಅಗಿದು ತಲೆಯಾಡಿಸಿ ನಕ್ಕಳು. ಆಕೆ ಖುಷಿಯಿಂದ ಹೊರಟುಹೋದರು. ಬಾಗಿಲು ಹಾಕಿಕೊಂಡ ಮೇಲೆ ನಮ್ಮಾಕೆ ನನ್ನ ಕಡೆ ತಿರುಗಿ ಅಂದಳು:

"ಎಸರು ಚಲೋ ಹಾಕ್ಯಾಳ. ಉಪ್ಪ ಕಡಿಮಿ."